ಕಾಲುವೆಯನ್ನು ಚರಂಡಿ ಎಂದು ಬರೆದೆ

ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಕಸುಬು. ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿ, ಐದಾರು ವರ್ಷ ಬೇರೆ ಎಂಜಿನಿಯರುಗಳ ಕೈಕೆಳಗೆ ದುಡಿದು, ಆಮೇಲೆ ನನ್ನ ಹೆಸರಿಗೇ ಪರವಾನಗಿ ಮಾಡಿಸಿಕೊಂಡೆ. ಮಂಡ್ಯ, ಮದ್ದೂರು, ಮಳವಳ್ಳಿ, ಮೂರೂ ಕಡೆ ನಾನು ನಕ್ಷೆ ಬರೆದ ಮನೆಗಳಿವೆ. ಈಗ ಹೇಳುವ ಸಂಗತಿ ಈ ಮೂರರಲ್ಲಿ ಒಂದು ಊರಿನಲ್ಲಿ ನಡೆಯಿತು. ಯಾವುದೆಂದು ಬರೆಯುವುದಿಲ್ಲ. ಬರೆದರೆ ಓಣಿ ಗೊತ್ತಾಗುತ್ತದೆ, ಓಣಿ ಗೊತ್ತಾದರೆ ಮನೆಯವರು ಗೊತ್ತಾಗುತ್ತಾರೆ. ನನ್ನಿಂದ ಅವರಿಗೆ ಆಗಿರುವುದೇ ಸಾಕಷ್ಟಿದೆ.

ನಕ್ಷೆ ಬರೆಯುವುದೆಂದರೆ ರೂಮು ಎಲ್ಲಿ, ಅಡಿಗೆಮನೆ ಎಲ್ಲಿ ಎಂದು ಗೆರೆ ಎಳೆಯುವುದಷ್ಟೇ ಎಂದು ಜನ ತಿಳಿದುಕೊಂಡಿರುತ್ತಾರೆ. ಅದು ಅರ್ಧ ದಿನದ ಕೆಲಸ. ಉಳಿದದ್ದೆಲ್ಲ ಕಾನೂನಿನ ಕೆಲಸ. ರಸ್ತೆಯಿಂದ ಎಷ್ಟು ಜಾಗ ಬಿಡಬೇಕು, ಪಕ್ಕದವರ ಗೋಡೆಯಿಂದ ಎಷ್ಟು, ಎಷ್ಟು ಮಹಡಿ ಏರಿಸಬಹುದು, ಮಳೆನೀರು ಎಲ್ಲಿಗೆ ಹೋಗಬೇಕು, ಹತ್ತಿರದಲ್ಲಿ ಕೆರೆಯೋ ಕಾಲುವೆಯೋ ಇದ್ದರೆ ಅದರ ಅಂಚಿನಿಂದ ಎಷ್ಟು ದೂರ ಏನೂ ಕಟ್ಟಬಾರದು, ಇದನ್ನೆಲ್ಲ ಕಾಗದದ ಮೇಲೆ ತೋರಿಸಿ ಕೆಳಗೆ ಸಹಿ ಹಾಕಬೇಕು. ಆ ಸಹಿಗೇ ಜನ ನಮ್ಮ ಹತ್ತಿರ ಬರುವುದು.

ನಾನು ಹುಟ್ಟಿ ಬೆಳೆದದ್ದು ಮಳವಳ್ಳಿ ಹತ್ತಿರದ ಬ್ಲಫ್‌ನಲ್ಲಿ. ನಮ್ಮಪ್ಪ ಕರೆಂಟು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಕ್ವಾರ್ಟರ್ಸುಗಳ ನಡುವೆ ಇನ್ನೊಂದು ಮನೆ ಕಟ್ಟುವಷ್ಟು ಜಾಗ ಖಾಲಿ ಬಿದ್ದಿರುತ್ತಿತ್ತು. ಅಮ್ಮ ಅಲ್ಲಿ ಅವರೆ, ಸೋರೆ ಬೆಳೆಯುತ್ತಿದ್ದಳು. ಮನೆಗಳ ನಡುವೆ ಜಾಗವಿರುವುದು ಗಾಳಿ ಬೆಳಕಿನ ಹಾಗೆ ತಾನಾಗಿ ಇರುವಂಥದ್ದು ಎಂದುಕೊಂಡಿದ್ದೆ. ಅದನ್ನು ಯಾರೋ ಯೋಚನೆ ಮಾಡಿ ಬಿಟ್ಟಿರುತ್ತಾರೆ, ಬಿಡದಿದ್ದರೆ ಇರುವುದಿಲ್ಲ ಎಂದು ತಿಳಿದದ್ದು ಈ ಕಸುಬಿಗೆ ಬಂದ ಮೇಲೆ.

ಆ ವರ್ಷ ಬೇಸಿಗೆಯಲ್ಲಿ ಬೆಲ್ಲದ ಮಂಡಿಯ ಒಬ್ಬರು ನನ್ನ ಆಫೀಸಿಗೆ ಬಂದರು. ನಮ್ಮ ತಾಯಿಯ ತವರೂರಿನವರು. ಸಣ್ಣವಳಿದ್ದಾಗಿನಿಂದ ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಪೇಟೆ ರಸ್ತೆಯಲ್ಲಿ ಅವರದೊಂದು ಉದ್ದನೆಯ ಜಾಗವಿತ್ತು. ಅಲ್ಲಿ ಕೆಳಗೆ ಸೆಲ್ಲಾರ್, ಮೇಲೆ ಅಂಗಡಿಗಳು, ಅದರ ಮೇಲೆ ಎರಡು ಮಹಡಿ ಹಾಕಬೇಕೆಂದು ಬಂದಿದ್ದರು.

ಮಾರನೆಯ ದಿನ ಅಳತೆಗೆ ಹೋದೆ. ಜಾಗದ ಮುಂದೆ ಪೇಟೆ ರಸ್ತೆ, ಹಿಂದೆ ಒಂದು ನೀರಿನ ಹಾದಿ. ಪಕ್ಕದಲ್ಲಿ ಒಂದು ಸಣ್ಣ ಓಣಿ ಒಳಕ್ಕೆ ಹೋಗಿ ಆ ನೀರಿನ ಹಾದಿಯ ದಂಡೆಯಲ್ಲೇ ಮುಗಿಯುತ್ತಿತ್ತು. ಓಣಿಯಲ್ಲಿ ಆರೇಳು ಹೆಂಚಿನ ಮನೆಗಳು. ಕೊನೆಯ ಮನೆಯ ಗೋಡೆ ಅಣ್ಣನ ಜಾಗದ ಹಿಂಭಾಗಕ್ಕೆ ಅಂಟಿಕೊಂಡೇ ಇತ್ತು.

ಆ ಮನೆಯಲ್ಲಿ ಒಬ್ಬ ಸಾಬರು, ಅವರ ಹೆಂಡತಿ ಮತ್ತು ಮಗಳು ಇದ್ದರು. ಗಂಡ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋದರೆ ತಂತಿ ಸುತ್ತಿಕೊಡುವ ಕೆಲಸ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳ ರೈತರಿಗೆಲ್ಲ ಅವರ ಅಂಗಡಿ ಗೊತ್ತಿತ್ತು. ಹೆಂಡತಿ ಮನೆಯಲ್ಲೇ ರವಿಕೆ, ಲಂಗ ಹೊಲಿಯುತ್ತಿದ್ದರು. ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿಯಲು ಆವತ್ತು ನನ್ನ ಜೊತೆ ಯಾರೂ ಇರಲಿಲ್ಲ. ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಸೆರಗು ಸಿಕ್ಕಿಸಿಕೊಂಡು ಬಂದು ತುದಿ ಹಿಡಿದುಕೊಂಡರು.

"ಎಷ್ಟ್ ಮಹಡಿ ಮೇಡಂ?" ಎಂದು ಕೇಳಿದರು.

"ಮೂರು. ಕೆಳಗೊಂದು ಸೆಲ್ಲಾರ್."

"ಕೆಳಗೆ ತೋಡ್ತಾರಾ?" ಆಕೆ ತಮ್ಮ ಗೋಡೆಯ ಕಡೆ ತಿರುಗಿ ನೋಡಿದರು. "ನಮ್ದು ಮಣ್ಣಿನ ಗಾರೆ ಗೋಡೆ. ನಮ್ಮ ಮಾವನ ಕಾಲದ್ದು. ಏನೂ ಆಗಾಕಿಲ್ವಾ?"

"ಏನೂ ಆಗಲ್ಲ. ನಿಮ್ಮ ಗೋಡೆಯಿಂದ ಜಾಗ ಬಿಟ್ಟೇ ತೋಡಬೇಕು. ಕಾನೂನಿದೆ," ಎಂದೆ.

ಅಳತೆ ಮುಗಿದ ಮೇಲೆ ಒಳಗೆ ಕರೆದು ಟೀ ಕೊಟ್ಟರು. ಹೊಲಿಗೆ ಮಿಷನ್ನು ಆ ಗೋಡೆಯ ಕಿಟಕಿಯ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಬೆಳಕು ಬರುತ್ತಿದ್ದದ್ದು ಅದೊಂದೇ ಕಡೆಯಿಂದ.

ಆಫೀಸಿಗೆ ಬಂದು ಹಳೆಯ ಗ್ರಾಮನಕ್ಷೆ ತೆಗೆದು ನೋಡಿದೆ. ಹಿಂದಿನ ನೀರಿನ ಹಾದಿ ಅದರಲ್ಲಿ ಜೋಡಿಗೆರೆಯಾಗಿ ಸ್ಪಷ್ಟವಾಗಿತ್ತು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುವ ಕಾಲುವೆ. ಈಗ ಅದರಲ್ಲಿ ಪೇಟೆಯ ಬಚ್ಚಲು ನೀರು, ಪ್ಲಾಸ್ಟಿಕ್ಕು, ಕೋಳಿ ಅಂಗಡಿಯ ಪುಕ್ಕ. ಆದರೆ ದಾಖಲೆಯಲ್ಲಿ ಕಾಲುವೆ ಕಾಲುವೆಯೇ. ಕಾಲುವೆ ಎಂದ ಮೇಲೆ ಅದರ ಎರಡೂ ದಂಡೆಯಲ್ಲಿ ಇಷ್ಟು ದೂರ ಹೊಸದಾಗಿ ಏನೂ ಕಟ್ಟುವಂತಿಲ್ಲ. ಆ ಲೆಕ್ಕ ಹಿಡಿದರೆ ಅಣ್ಣನ ಜಾಗದಲ್ಲಿ ರಸ್ತೆ ಬದಿಗೆ ಒಂದು ಸಾಲು ಅಂಗಡಿ ಬರುತ್ತಿತ್ತು, ಅಷ್ಟೇ. ಸೆಲ್ಲಾರಿನ ಮಾತೇ ಇಲ್ಲ.

ಅಣ್ಣನಿಗೆ ಹೇಳಿದೆ. ಅವರು ನಕ್ಕರು.

"ಅದ್ಯಾವ ಕಾಲ್ವೆನಮ್ಮ? ಕೆರೆ ನೀರು ಅದ್ರಲ್ಲಿ ಅರ್ದಿದ್ದ ನಾನ್ ಕಣ್ಣಾರೆ ಕಂಡಿಲ್ಲ. ಬಚ್ಚಲು ನೀರು ಓಯ್ತದೆ. ಅದ್ಕೆ ಚರಂಡಿ ಅಂತಾರೆ. ಚರಂಡಿ ಅಂತಲೇ ಬರಿ."

"ಗ್ರಾಮನಕ್ಷೇಲಿ ಕಾಲುವೆ ಅಂತ ಇದೆಯಲ್ಲ ಅಣ್ಣ."

"ಅದ ತಗ್ದು ಯಾರ್ ನೋಡ್ತಾರೆ ಬುಡು. ನೀನ್ ಬರಿಯಾಕಿಲ್ಲ ಅಂದ್ರೆ ಬರ್ಯೋರು ಬೇರೆ ಅವ್ರೆ. ನಮ್ಮೂರ್ ಮಗಳು ಅಂತ ನಿನ್ತಾವ್ ಬಂದೆ ಕಣಮ್ಮ."

ಒಂದು ವಾರ ಆ ಕಡತ ಮೇಜಿನ ಮೇಲೆ ಹಾಗೇ ಇತ್ತು. ಯಾರೂ ನನ್ನನ್ನು ಹೆದರಿಸಲಿಲ್ಲ. ಕೆಲಸವಿಲ್ಲದೆ ಕೂತಿದ್ದೆನೆಂದೂ ಅಲ್ಲ. ನಿಜ ಹೇಳಬೇಕೆಂದರೆ ಮೂರು ಮಹಡಿಯ ಕಟ್ಟಡ ಅದುವರೆಗೆ ನನ್ನ ಕೈಗೆ ಬಂದಿರಲಿಲ್ಲ. ಹೆಂಗಸು ಬರೀ ಮನೆಗಳ ನಕ್ಷೆ ಬರೆಯುತ್ತಾಳೆ ಎಂದು ಜನ ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ಪೇಟೆ ರಸ್ತೆಯಲ್ಲಿ ನನ್ನ ಹೆಸರಿನ ಬೋರ್ಡು ನಿಲ್ಲುತ್ತದೆ ಎಂಬ ಆಸೆ ನನಗೆ ಇತ್ತು. ಕೆರೆ ನೀರು ಹರಿಯುವುದು ನಿಂತು ಎಷ್ಟೋ ಕಾಲವಾಯಿತು ಎಂಬುದೂ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಕ್ಷೆಯ ಹಿಂಬದಿಯ ಗೆರೆಯ ಪಕ್ಕ 'ಚರಂಡಿ' ಎಂದು ಬರೆದು ಸಹಿ ಹಾಕಿದೆ. ಪಕ್ಕದ ಗೋಡೆಯಿಂದ ಬಿಡಬೇಕಾದ ಜಾಗವನ್ನು ಮಾತ್ರ ಸರಿಯಾಗಿ ತೋರಿಸಿದೆ.

ಪುರಸಭೆ ಕಚೇರಿಯಿಂದ ಯಾರೂ ಜಾಗ ನೋಡಲು ಬರಲಿಲ್ಲ. ನಕ್ಷೆಗೆ ಒಪ್ಪಿಗೆ ಸಿಕ್ಕಿತು.

ಆಷಾಢ ಕಳೆದ ಮೇಲೆ ಅಗೆಯುವ ಯಂತ್ರ ಬಂತು. ಎರಡು ವಾರ ಬಿಟ್ಟು ನಾನು ಹೋಗಿ ನೋಡಿದಾಗ ಗುಂಡಿ ಎರಡಾಳು ಆಳ ಆಗಿತ್ತು. ಬಿಡಬೇಕಾದ ಜಾಗ ಬಿಟ್ಟಿರಲಿಲ್ಲ. ಆ ಮನೆಯ ಗೋಡೆಯ ಬುಡಕ್ಕೇ ಕತ್ತರಿಸಿದ ಹಾಗೆ ಮಣ್ಣು ತೆಗೆದಿದ್ದರು. ಹೊರಗಿನಿಂದ ಗೋಡೆಯ ಪಾಯದ ಕಲ್ಲುಗಳು ಹಲ್ಲಿನಂತೆ ಕಾಣುತ್ತಿದ್ದವು. ಗದ್ದೆಗಳಿಗೆ ನಾಲೆ ನೀರು ಬಿಟ್ಟಿದ್ದರಿಂದ ಊರಿನ ಅಂತರ್ಜಲ ಏರಿತ್ತು. ಹಿಂದಿನ ಕಾಲುವೆಯಲ್ಲೂ ಬಸಿ ನೀರು ಸೇರಿಕೊಂಡಿತ್ತು. ಗುಂಡಿಯ ಹಿಂಬದಿಯ ಮಣ್ಣಿನಿಂದ ನೀರು ಜಿನುಗಿ ತಳದಲ್ಲಿ ಮೊಣಕಾಲುದ್ದ ನಿಂತಿತ್ತು. ಪಂಪಿಟ್ಟು ಅದನ್ನು ಎತ್ತಿ ಅದೇ ಕಾಲುವೆಗೆ ಬಿಡುತ್ತಿದ್ದರು. ಬಿಟ್ಟ ನೀರು ಮತ್ತೆ ಜಿನುಗುತ್ತಿತ್ತು.

ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಇದು ನಕ್ಷೆಯಂತೆ ಇಲ್ಲ. ಆ ಮನೆ ಕಡೆ ಮೊದಲು ತಡೆಗೋಡೆ ಕಟ್ಟಿಸಿ. ಅದಾಗೋತನಕ ಕೆಲಸ ನಿಲ್ಲಿಸಿ."

"ಕಟ್ಟುಸ್ತೀನಿ ಕಣಮ್ಮ. ಕಂಬಿ ಕಟ್ಟೋರು ಈ ವಾರ ಬತ್ತಾವ್ರೆ. ಕಾಲಮ್ ಎದ್ರೆ ಎಲ್ಲಾ ಗಟ್ಟಿ ಆಯ್ತದೆ. ನೀನ್ಯಾಕ್ ಅಷ್ಟ್ ಯೋಚ್ನೆ ಮಾಡಿಯೇ?"

ಆ ಮನೆಯ ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದಿದ್ದರು. ಗುಂಡಿಯ ಅಂಚಿನಲ್ಲಿ ನಿಂತಿದ್ದ ನನ್ನ ಹತ್ತಿರ ಬಂದರು.

"ಮೇಡಂ, ಒಳ್ಗಡೆ ಗ್ವಾಡೆ ಬಿರುಕು ಬುಟ್ಟದೆ. ಬೆರಳು ಓಯ್ತದೆ. ಮಂಡಿಯವ್ರಿಗೆ ಯೋಳ್ದೆ. ಮೇಡಮ್ಮು ಎಂಜಿನಿಯರ್ರು, ಅವ್ರು ಸೈ ಆಕವ್ರೆ, ಅವ್ರುನ್ನೇ ಕೇಳಪ್ಪ ಅಂದ್ರು."

ನಾನು ಒಳಗೆ ಹೋಗಿ ಬಿರುಕು ನೋಡಿದೆ. ಕಿಟಕಿಯ ಮೂಲೆಯಿಂದ ನೆಲದವರೆಗೆ ಇಳಿದಿತ್ತು. "ಈ ಗೋಡೆ ಹತ್ತಿರ ಯಾರೂ ಕೂರಬೇಡಿ. ಕೆಲಸ ಮುಗಿಯುವ ತನಕ ಬೇರೆ ಕಡೆ ಇದ್ದರೆ ಒಳ್ಳೆಯದು," ಎಂದೆ.

"ಬೇರೆ ಕಡೆ ಅಂದ್ರೆ ಎಲ್ಲಿಗೆ ಮೇಡಂ?" ಎಂದರು ಅವರ ಹೆಂಡತಿ. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳಿದರು.

ಆವತ್ತೇ ಕಚೇರಿಗೆ ಹೋಗಿ ಕೆಲಸ ನಿಲ್ಲಿಸಲು ಬರೆದುಕೊಡಬಹುದಿತ್ತು. ಅಧಿಕಾರ ನನಗೆ ಇತ್ತು. ಆದರೆ ಬರೆದುಕೊಟ್ಟರೆ ಅವರು ಜಾಗ ನೋಡಲು ಬರುತ್ತಾರೆ, ಬಂದರೆ ಕಾಲುವೆಯನ್ನೂ ನೋಡುತ್ತಾರೆ ಎಂಬುದು ನನಗೆ ಹೊಳೆಯಿತು. ಅಣ್ಣನಿಗೆ ಇನ್ನೊಮ್ಮೆ ಫೋನ್ ಮಾಡಿ ಸುಮ್ಮನಾದೆ.

ಅದಾದ ಒಂಬತ್ತನೆಯ ದಿನ ನಾನು ವೈದ್ಯನಾಥಪುರದಲ್ಲಿ ಒಬ್ಬರ ಮನೆಯ ಪಾಯದ ಗುರುತು ಹಾಕಿಸುತ್ತಿದ್ದೆ. ಹಿಂದಿನ ಎರಡು ದಿನ ಜೋರು ಮಳೆಯಾಗಿತ್ತು. ಆವತ್ತು ಬೆಳಗ್ಗೆ ಬಿಸಿಲು ಬಂದಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅಣ್ಣನ ಕಟ್ಟಡದ ಮೇಸ್ತ್ರಿಯ ಫೋನ್ ಬಂತು.

"ಮೇಡಂ, ಗ್ವಾಡೆ ಬಿದ್ದೋಯ್ತು. ಆ ಟೈಲರಮ್ಮ ಗ್ವಾಡೆ ಜತೇಲೇ ಗುಂಡಿಗ್ ಬಿದ್ದವ್ರೆ."

ಆಟೋ ಹಿಡಿದೆ, ಬಸ್ಸು ಹಿಡಿದೆ, ಹೇಗೆ ಹೋದೆನೋ ಗೊತ್ತಿಲ್ಲ. ನಾನು ಮುಟ್ಟುವ ಹೊತ್ತಿಗೆ ಆಕೆಯನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದ್ದರು. ಗೋಡೆ ಪೂರಾ ಗುಂಡಿಯೊಳಗಿತ್ತು. ಹೆಂಚು ಜಾರಿ ಅರ್ಧ ಸೂರು ಕೆಳಕ್ಕೆ ನೇತಾಡುತ್ತಿತ್ತು. ಬೀದಿಯಲ್ಲಿ ನಿಂತವರಿಗೆ ಮನೆಯ ಒಳಗಿನದೆಲ್ಲ ಕಾಣುತ್ತಿತ್ತು. ಪಾತ್ರೆಯ ಗೂಡು, ಮೊಳೆಗೆ ತಗುಲಿಹಾಕಿದ್ದ ಮಗಳ ಸ್ಕೂಲ್ ಬ್ಯಾಗು, ಗೋಡೆಗೆ ಬಳಿದ ಹಸಿರು ಬಣ್ಣ. ಎರಡು ದಿನದ ಮಳೆ ಬಿಟ್ಟು ಬೆಳಕು ಬಂತೆಂದು ಆಕೆ ಕಿಟಕಿಯ ಹತ್ತಿರ ಹೊಲಿಯಲು ಕೂತಿದ್ದರಂತೆ. ಮದುವೆ ಮನೆಯವರ ರವಿಕೆಗಳು ಬಾಕಿ ಇದ್ದವಂತೆ.

ಆಕೆ ಮೂರನೆಯ ದಿನ ತೀರಿಕೊಂಡರು.

ಮಣ್ಣಿಗೆ ನಾನು ಹೋಗಲಿಲ್ಲ. ಹೋಗುವ ಮುಖ ನನಗಿರಲಿಲ್ಲ.

ಪೊಲೀಸರು ಮೊಕದ್ದಮೆ ದಾಖಲಿಸಿದರು. ಕೆಲಸ ನಿಂತಿತು. ಕಚೇರಿಯ ಅಧಿಕಾರಿ ನನ್ನನ್ನು ಕರೆಸಿ ಕಡತ ಮುಂದಿಟ್ಟುಕೊಂಡು ಒಂದೊಂದು ಹಾಳೆ ತಿರುವಿದರು. ನನ್ನ ವಯಸ್ಸಿನವರು, ನಿಧಾನದ ಮನುಷ್ಯ.

"ನಿಮ್ಮ ನಕ್ಷೆಯಲ್ಲಿ ತಪ್ಪಿಲ್ಲ ಮೇಡಂ. ಪಕ್ಕದಲ್ಲಿ ಜಾಗ ಬಿಟ್ಟು ತೋರಿಸಿದ್ದೀರಿ. ಮಾಲೀಕರು ನಕ್ಷೆ ಮೀರಿ ತೋಡಿದ್ದಾರೆ. ನೀವು ಹೆದರಬೇಕಾದ್ದಿಲ್ಲ," ಎಂದರು.

ಹೆದರಬೇಕಾದ್ದಿಲ್ಲ ಎಂದಾಗ ನನಗೆ ಹಗುರವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಮೆಟ್ಟಿಲಿಳಿದು ಬರುವಾಗ ಉಸಿರು ಸರಾಗವಾಗಿ ಬರುತ್ತಿತ್ತು. ಒಂದು ಹೆಣ್ಣುಜೀವ ಹೋಗಿ ಹತ್ತು ದಿನವಾಗಿರಲಿಲ್ಲ, ನಾನು ಬಸ್ ನಿಲ್ದಾಣದಲ್ಲಿ ಎಳನೀರು ಕುಡಿದೆ.

ಆ ಹಗುರ ಮೂರು ವಾರ ಉಳಿಯಿತು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಹೊಸ ನಕ್ಷೆಯೊಂದರಲ್ಲಿ ರಸ್ತೆ, ಗಲ್ಲಿ, ಚರಂಡಿ ಎಂದು ಹೆಸರು ಬರೆಯುತ್ತಿದ್ದೆ. ಚರಂಡಿ ಎಂಬಲ್ಲಿ ನಿಲ್ಲಿಸಿದೆ. ಪೆನ್ನು ಇಟ್ಟು ಮನೆಗೆ ಹೋದೆ. ಮರುದಿನವೂ ಬರೆಯಲಾಗಲಿಲ್ಲ. ಅಣ್ಣ ಜಾಗ ಬಿಡದೆ ತೋಡಿದ್ದು ಅಣ್ಣನ ತಪ್ಪು, ನಿಜ. ಆದರೆ ನಾನು ಕಾಲುವೆ ಎಂದು ಬರೆದಿದ್ದರೆ ಅಲ್ಲಿ ಗುಂಡಿಯೇ ಇರುತ್ತಿರಲಿಲ್ಲ. ಇದು ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ಯಜಮಾನರು ಹೈಸ್ಕೂಲು ಮೇಷ್ಟರು. ಅವರಿಗೆ ಎಲ್ಲ ಹೇಳಿದೆ. ಅವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಿನ್ನ ತಪ್ಪು ಅಂತ ಯಾರೂ ಹೇಳ್ತಿಲ್ಲ. ನೀನಾಗಿ ಹೋಗಿ ಹೇಳಿದರೆ ಹೋದವರು ಬರ್ತಾರಾ?"

"ಬರಲ್ಲ."

"ಮತ್ತೆ? ಮಕ್ಕಳನ್ನ ನೋಡು. ನಿನ್ನ ಸಹಿ ಹೋದರೆ ನಿನಗೆ ಬೇರೆ ಏನು ಕೆಲಸ ಬರುತ್ತೆ?"

ಅವರು ಕೇಳಿದ್ದು ನ್ಯಾಯವೇ. ಆದರೂ ಮಾರನೆಯ ವಾರ ಗ್ರಾಮನಕ್ಷೆಯ ಪ್ರತಿ ಹಿಡಿದು ಅದೇ ಅಧಿಕಾರಿಯ ಮುಂದೆ ಕೂತೆ. ಜೋಡಿಗೆರೆ ತೋರಿಸಿದೆ. ಗೊತ್ತಿದ್ದೂ ಚರಂಡಿ ಎಂದು ಬರೆದೆ ಎಂದೆ. ಅವರು ಎದ್ದು ಬಾಗಿಲು ಮುಂದಕ್ಕೆ ಹಾಕಿದರು.

"ಇದನ್ನ ಈಗ ಯಾಕೆ ತಂದ್ರಿ ಮೇಡಂ? ನೀವು ಬರೆದದ್ದಕ್ಕೆ ಒಪ್ಪಿಗೆ ಕೊಟ್ಟವರು ನಾವು. ನಿಮ್ಮ ಜೊತೆ ನಮ್ಮನ್ನೂ ಎಳೀತೀರಿ."

"ಗೊತ್ತು ಸಾರ್."

"ಮನೆಗೆ ಹೋಗಿ ಇನ್ನೊಂದು ಸಲ ಯೋಚನೆ ಮಾಡಿ."

ಯೋಚನೆ ಮಾಡಿದರೆ ನನಗೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಅಲ್ಲೇ ಟಪಾಲು ವಿಭಾಗದಲ್ಲಿ ಬರೆದುಕೊಟ್ಟು ಸೀಲು ಹಾಕಿಸಿಕೊಂಡೆ. ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಟ್ಟೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಮೊಕದ್ದಮೆಯಲ್ಲಿ ನನ್ನ ಹೆಸರು ಸೇರಿತು. ಪರವಾನಗಿಯನ್ನು ಒಂದು ವರ್ಷ ತಡೆಹಿಡಿದರು. ಜಾಮೀನಿಗೆ ಓಡಾಡಿದೆವು. ಅಣ್ಣ ನನ್ನ ಮನೆಗೇ ಬಂದು, ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು, "ನಮ್ಮೂರ್ ಮಗಳು ಅಂತ ನಂಬ್ದೆ. ಕತ್ತು ಕುಯ್ದ್ಬುಟ್ಟೆ," ಎಂದು ಹೇಳಿ ಹೋದರು. ತಾಯಿಯ ತವರೂರಿನಿಂದ ಆ ವರ್ಷ ನಮಗೆ ಯಾವ ಮದುವೆಗೂ ಕರೆ ಬರಲಿಲ್ಲ. ಇದಕ್ಕೆಲ್ಲ ಸಿದ್ಧವಾಗಿಯೇ ಇದ್ದೆ. ಶಿಕ್ಷೆಯ ಹಾಗೆ ತೆಗೆದುಕೊಂಡೆ. ನನಗದು ಬೇಕೂ ಆಗಿತ್ತೇನೋ.

ಸಿದ್ಧವಾಗಿರದಿದ್ದದ್ದು ಬೇರೆ.

ನನ್ನ ಹೇಳಿಕೆಯ ಮೇಲೆ ಸರ್ವೆಯವರು ಬಂದರು. ಸರಪಳಿ ಹಿಡಿದು ಕಾಲುವೆಯನ್ನು ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ಅಳೆದು, ಎರಡೂ ದಂಡೆಯಲ್ಲಿ ಬಿಡಬೇಕಾದ ದೂರಕ್ಕೆ ಕೆಂಪು ಬಣ್ಣದ ಕಲ್ಲು ನೆಟ್ಟರು. ಅಣ್ಣನ ಜಾಗದ ಅರ್ಧಕ್ಕಿಂತ ಹೆಚ್ಚು ಕಲ್ಲಿನೊಳಗೆ ಬಂತು. ಅವರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಅವರ ವಕೀಲರು, ಅವರ ಓಡಾಟ, ಅದು ಇವತ್ತಿಗೂ ನಡೆದಿದೆ.

ಓಣಿಯ ಕೊನೆಯ ಮನೆ ಪೂರಾ ಕಲ್ಲಿನೊಳಗೆ ಬಂತು. ಒಂದು ಅಡಿಯೂ ಹೊರಗೆ ಉಳಿಯಲಿಲ್ಲ.

ಓಣಿಯ ಉಳಿದ ಮನೆಗಳೂ ಹೆಚ್ಚುಕಡಿಮೆ ಒಳಗೇ ಬಂದವು. ಆದರೆ ಅವು ನಿಂತಿರುವ ಮನೆಗಳು. ಹಳೆಯ ಮನೆ ನಿಂತಿರುವಷ್ಟು ದಿನ ಇರಬಹುದು, ಹೊಸದಾಗಿ ಕಟ್ಟುವಂತಿಲ್ಲ ಎಂದು ನಿಯಮ. ಇವರ ಮನೆ ಬಿದ್ದಿತ್ತು. ಎತ್ತಿ ಕಟ್ಟಬೇಕೆಂದರೆ ಅದು ಹೊಸ ಕಟ್ಟಡ. ಹೊಸ ಕಟ್ಟಡಕ್ಕೆ ಒಪ್ಪಿಗೆಯಿಲ್ಲ. ಒಪ್ಪಿಗೆಯಿಲ್ಲದ ಜಾಗಕ್ಕೆ ಸರ್ಕಾರದ ಮನೆ ಯೋಜನೆಯ ನೆರವೂ ಇಲ್ಲ.

ಇದು ನನಗೆ ತಿಳಿದದ್ದು ಆ ಮನೆಯ ಯಜಮಾನರು ಹೇಳಿದ ಮೇಲೆ. ಹೆಂಡತಿ ಹೋಗಿ ವರ್ಷವಾಗುತ್ತಾ ಬಂದಿತ್ತು. ನನ್ನ ಬೋರ್ಡು ಇಳಿಸಿದ್ದೆ, ಆದರೆ ಆಫೀಸಿನ ರೂಮು ಬಿಟ್ಟಿರಲಿಲ್ಲ. ಒಂದು ಬೆಳಗ್ಗೆ ಅವರು ಮಗಳ ಜೊತೆ ಬಂದರು. ಮಗಳು ಆಗ ಪಿಯುಸಿ. ನಾನು ಕುರ್ಚಿ ಎಳೆದೆ. ಅವರು ಕೂತರು, ಹುಡುಗಿ ಬಾಗಿಲ ಹತ್ತಿರವೇ ನಿಂತಳು. ಅವರ ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿದ ಕಾಗದಗಳಿದ್ದವು. ಅಪ್ಪನ ಕಾಲದ ಕಂದಾಯದ ರಸೀತಿಗಳು, ಹಳೆಯ ಕ್ರಯಪತ್ರ, ಕಚೇರಿಯವರು ಅರ್ಜಿ ತಿರಸ್ಕರಿಸಿ ಕೊಟ್ಟ ಹಿಂಬರಹ.

ಹಿಂಬರಹ ಓದಿದೆ. 'ಕಾಲುವೆ ಮೀಸಲು ಪ್ರದೇಶದಲ್ಲಿ ಬರುವುದರಿಂದ' ಎಂದು ಇತ್ತು.

"ಅವ್ರು ಬಾಯಲ್ಲಿ ಏನಂದ್ರು ಗೊತ್ತಾ ಮೇಡಂ?" ಎಂದರು. "ಅಲ್ಲಿಗಂಟ ಅದು ಚರಂಡಿನೇ ಆಗಿತ್ತಂತೆ. ನೀವು ಬರ್ದ್ ಕೊಟ್ಟಿದ್ಕೆ ಕಾಲ್ವೆ ಆಯ್ತಂತೆ."

ಹೌದು ಎಂದೆ.

"ನಾನ್ ಓದ್ದೋನಲ್ಲ. ನಂಗೆ ಒಂದ್ ಇಸ್ಯ ಅರ್ತಾಗಾಕಿಲ್ಲ. ನೀವು ಚರಂಡಿ ಅಂತ ಬರ್ದಾಗ ಮಂಡಿಯವ್ರಿಗೆ ಸಿಕ್ತು, ನನ್ ಮನೆ ಓಯ್ತು. ಕಾಲ್ವೆ ಅಂತ ಬರ್ದಾಗ ಅವ್ರಿಗೆ ಕೋರ್ಟು ಅದೆ, ನನ್ ಜಾಗ ಓಯ್ತು. ಎರಡ್ ಸಲನೂ ನಮ್ದೇ ಯಾಕ್ ಓಯ್ತು?"

ಅವರ ದನಿ ಏರಲಿಲ್ಲ. ಮೋಟಾರು ಎಲ್ಲಿ ಕೆಟ್ಟಿದೆ ಎಂದು ಹುಡುಕುವವರ ಹಾಗೆ ಕೇಳಿದರು. ಉತ್ತರ ಬರುತ್ತದೆಂದು ನನ್ನ ಮುಖವನ್ನೇ ನೋಡುತ್ತಿದ್ದರು.

"ಒಂದ್ ಸಲ ಬದ್ಲಾಯ್ಸಿದ್ರಲ್ಲ ಮೇಡಂ. ನಮ್ ಮನೆ ಉದ್ದ ಎಷ್ಟದೆ ಅಷ್ಟಕ್ ಮಾತ್ರ ಇನ್ನೊಂದ್ ಸಲ ಬದ್ಲಾಯ್ಸಿ ಕೊಡಿ. ಎರಡ್ ರೂಮ್ ಆಕ್ಕೋತೀವಿ. ಬೇರೆ ಏನೂ ಬ್ಯಾಡ."

"ಈಗ ನನ್ನ ಸಹಿಗೆ ಬೆಲೆಯಿಲ್ಲ. ಇದ್ದರೂ ಆಗಲ್ಲ. ಅಲ್ಲಿ ನೀರು ಬರುತ್ತೆ. ಮೇಲಿನ ಕೆರೆ ತುಂಬಿದರೆ ಆ ಜಾಗ ನಿಲ್ಲಲ್ಲ. ಕಾನೂನು ಇರೋದು ಅದಕ್ಕೇ," ಎಂದೆ. ಹೇಳುತ್ತಿದ್ದ ಹಾಗೆಯೇ ನನ್ನ ಮಾತು ನನಗೆ ಅಸಹ್ಯವೆನಿಸಿತು. ನಾನು ಹೇಳಿದ್ದು ನಿಜವಾಗಿತ್ತು. ಅದನ್ನು ಹೇಳಬೇಕಾಗಿದ್ದ ದಿನ ಬೇರೆ, ಹೇಳಬೇಕಾಗಿದ್ದ ಮನುಷ್ಯನೂ ಬೇರೆ.

ಬಾಗಿಲ ಹತ್ತಿರ ನಿಂತಿದ್ದ ಮಗಳು ಆಗ ಮೊದಲ ಸಲ ಮಾತಾಡಿದಳು. "ನಮ್ಮಮ್ಮ ನಿಮ್ಮನ್ನ ಕೇಳಿದ್ರಂತೆ, ಗೋಡೆಗೆ ಏನಾದ್ರೂ ಆಗುತ್ತಾ ಅಂತ. ಏನೂ ಆಗಲ್ಲ ಅಂದ್ರಂತೆ. ಹೇಳಿದ್ರಾ?"

"ಹೇಳಿದ್ದೆ," ಎಂದೆ.

ಅವಳು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. "ಬನ್ನಿ ಅಬ್ಬಾ," ಎಂದಳು. ಅವರು ಎದ್ದರು. ಹೋಗುವಾಗ ಕುರ್ಚಿಯನ್ನು ಎಲ್ಲಿತ್ತೋ ಅಲ್ಲಿಗೆ ಸರಿಸಿಟ್ಟು ಹೋದರು.

ಅವರಿಗೆ ಬದಲಿ ನಿವೇಶನ ಸಿಗಬೇಕೆಂದು ನಾನೇ ಅರ್ಜಿ ಬರೆದೆ. ಹುಡುಗಿ ಮೊದಲು ಒಪ್ಪಲಿಲ್ಲ. ಅಪ್ಪ ಸಹಿ ಹಾಕಿದರು. ಅರ್ಜಿ ಊರಿನ ಕಚೇರಿಯಿಂದ ಮಂಡ್ಯಕ್ಕೆ ಹೋಯಿತು. ಕಾಲುವೆ ಒತ್ತುವರಿ ಎಂದು ಪರಿಗಣಿಸಬೇಕೋ, ಸಂತ್ರಸ್ತರು ಎಂದು ಪರಿಗಣಿಸಬೇಕೋ ತಿಳಿಸಿ ಎಂದು ಅಲ್ಲಿಂದ ವಾಪಸು ಬಂತು. ತಿಳಿಸಿ ಎಂದು ಇಲ್ಲಿಂದ ಸರ್ವೆಯವರಿಗೆ ಹೋಯಿತು. ತಮ್ಮ ಮಾವನ ಕಾಲದಿಂದ ಕಂದಾಯ ಕಟ್ಟಿಕೊಂಡು ಬಂದ ಮನೆಯಲ್ಲಿ ಬದುಕಿದ ಹೆಂಗಸು ಕಾಗದದ ಮೇಲೆ ಒತ್ತುವರಿದಾರಳೋ ಅಲ್ಲವೋ ಎಂದು ಇನ್ನೂ ತೀರ್ಮಾನವಾಗಿಲ್ಲ.

ಗುಂಡಿ ಹಾಗೇ ಇದೆ. ತಡೆಯಾಜ್ಞೆ ಇರುವುದರಿಂದ ಕಟ್ಟುವಂತಿಲ್ಲ, ಮುಚ್ಚುವಂತಿಲ್ಲ. ಅಲ್ಲಲ್ಲಿ ಎದ್ದ ಕಾಲಮ್ಮುಗಳ ಕಂಬಿಗೆ ತುಕ್ಕು ಹಿಡಿದಿದೆ. ತಳದಲ್ಲಿ ವರ್ಷವಿಡೀ ಹಸಿರು ನೀರು. ಓಣಿಯವರು ತಗಡು ಅಡ್ಡ ಇಟ್ಟುಕೊಂಡು ಓಡಾಡುತ್ತಾರೆ. ಅವರ ಮನೆಗಳ ಗೋಡೆಗಳು ಒದ್ದೆಯಾಗಿ ಉಬ್ಬಿವೆ. ದುರಸ್ತಿಗೆಂದು ಗೋಡೆ ಇಳಿಸಿದರೆ ಮತ್ತೆ ಕಟ್ಟಲು ಬಿಡುವುದಿಲ್ಲವೆಂದು ಯಾರೂ ಮುಟ್ಟುತ್ತಿಲ್ಲ.

ವರ್ಷ ಕಳೆದ ಮೇಲೆ ನನ್ನ ಪರವಾನಗಿ ವಾಪಸು ಬಂತು. ಮೊದಲಿನಷ್ಟು ಕೆಲಸವಿಲ್ಲ. ಮನೆ ಕಟ್ಟುವವರು ಬಂದರೆ ಮೊದಲು ಗ್ರಾಮನಕ್ಷೆ ಬಿಡಿಸುತ್ತೇನೆ. ಸುತ್ತ ನಡೆದು ನೋಡಿ ಬರುತ್ತೇನೆ. ಹಳ್ಳವೋ ಕಾಲುವೆಯೋ ಇದ್ದರೆ ಇಷ್ಟು ಜಾಗ ಹೋಗುತ್ತದೆ ಎಂದು ಮೊದಲೇ ಹೇಳುತ್ತೇನೆ. ಮುಕ್ಕಾಲು ಮಂದಿ, "ಆಗ್ಲಿ ಮೇಡಂ, ಬತ್ತೀವಿ," ಎಂದು ಎದ್ದು ಹೋಗುತ್ತಾರೆ. ಅವರು ಆಮೇಲೆ ಯಾರ ಹತ್ತಿರ ಹೋಗುತ್ತಾರೆ, ಅಲ್ಲಿ ಆ ಗೆರೆಯ ಪಕ್ಕ ಏನೆಂದು ಬರೆಸುತ್ತಾರೆ ಎಂದು ನನಗೆ ಗೊತ್ತು. ಇಂಥ ಜಾಗದಲ್ಲಿ ಕಟ್ಟಡ ಏಳುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಎರಡು ಸಲ ದೂರು ಬರೆದುಕೊಟ್ಟಿದ್ದೇನೆ. ಒಂದು ನಿಂತಿತು, ಒಂದು ನಿಲ್ಲಲಿಲ್ಲ.

ಹೋದ ತಿಂಗಳು ಬೇರೊಬ್ಬರ ನಕ್ಷೆಯ ಕೆಲಸಕ್ಕೆ ಮಂಡ್ಯದ ಕಚೇರಿಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಆ ಹುಡುಗಿಯ ಅಪ್ಪ ಕೂತಿದ್ದರು, ಅದೇ ಪ್ಲಾಸ್ಟಿಕ್ ಚೀಲ ಹಿಡಿದು. ಗಡ್ಡ ಪೂರಾ ಬೆಳ್ಳಗಾಗಿತ್ತು. ಅಂಗಡಿಯ ಹಿಂದಿನ ರೂಮಿನಲ್ಲೇ ಇದ್ದಾರೆಂದೂ, ಮಗಳು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆಂದೂ ಬೇರೆಯವರಿಂದ ಕೇಳಿದ್ದೆ. ನನ್ನನ್ನು ನೋಡಿದರು. ನಮಸ್ಕಾರ ಎನ್ನಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿದರು. ನಾನು ಕೂತೆ.

ಒಂದು ಗಂಟೆ ಹಾಗೇ ಕೂತಿದ್ದೆವು. ಒಳಗಿನಿಂದ ಗುಮಾಸ್ತೆ ಬಂದು, ಸಾಹೇಬರು ಮೀಟಿಂಗಿಗೆ ಹೋದರು, ಎಲ್ಲರೂ ಸೋಮವಾರ ಬನ್ನಿ ಎಂದ. ಅವರು ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು, ಬಸ್ ನಿಲ್ದಾಣದ ಕಡೆ ನಡೆದರು. ನಾನೂ ಅದೇ ಕಡೆಗೆ ಹೋಗಬೇಕಿತ್ತು. ಅವರು ತಿರುವು ದಾಟುವ ತನಕ ಕಾದು ಆಮೇಲೆ ಎದ್ದೆ.